ಹ್ಯಾಂಬರ್ಗಿನಲ್ಲಿ ದಾನಮ್ಮನ ಉಡಿ ತುಂಬಿದ್ದು

ಜರ್ಮನಿಯ ಸಿಂಡೆಲ್‌ಫಿಂಗೆನ್ನಿನಲ್ಲಿರುವ ಮಗನ ಮನೆಯಿಂದ ಶನಿವಾರ ಬೆಳಿಗ್ಗೆ ಹೊರಟಾಗ ನನ್ನ ಬಳಿ ಎರಡು ಚೀಲಗಳಿದ್ದವು. ದೊಡ್ಡದರಲ್ಲಿ ಬಟ್ಟೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಸಣ್ಣದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಕುಂಕುಮ, ಅಡಿಕೆ ಮತ್ತು ಮಡಿಸಿಟ್ಟ ಒಂದು ಗುಳೇದಗುಡ್ಡದ ಖಣ. ದೊಡ್ಡ ಚೀಲವನ್ನು ಎಲ್ಲಿ ಬೇಕಾದಲ್ಲಿ ಇಟ್ಟೆ. ಸಣ್ಣದನ್ನು ಮಾತ್ರ ಹ್ಯಾಂಬರ್ಗ್ ಮುಟ್ಟುವವರೆಗೆ ಕೈ ಬಿಡಲಿಲ್ಲ.

ಆ ಸಣ್ಣ ಚೀಲವನ್ನು ಹುಬ್ಬಳ್ಳಿಯಿಂದ ಕಟ್ಟಿ ಕಳಿಸಿದವಳು ನನ್ನ ತಮ್ಮನ ಹೆಂಡತಿ ಗಿರಿಜಾ. ಅವಳ ಮಗಳು ದಾನಮ್ಮ ಹ್ಯಾಂಬರ್ಗಿನಲ್ಲಿ ಎಂಜಿನಿಯರು. ಜೊತೆಗೆ ಅಲ್ಲಿಯ ಮಹಿಳಾ ಫುಟ್‌ಬಾಲ್ ತಂಡವೊಂದರಲ್ಲಿ ಡಿಫೆಂಡರು. ಎದುರಿನವರು ಗೋಲು ಹೊಡೆಯದಂತೆ ತಡೆಯುವುದು ಅವಳ ಕೆಲಸ. ಭಾನುವಾರ ಸೀಸನ್ನಿನ ಕೊನೆಯ ಪಂದ್ಯ. ಅದು ಮುಗಿದ ಮೇಲೆ, ಅವಳನ್ನು ಸಂಬಳದ ವೃತ್ತಿಪರ ಆಟಗಾರ್ತಿಯಾಗಿ ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಎಂಬುದನ್ನು ಕ್ಲಬ್ಬಿನವರು ಹೇಳುವವರಿದ್ದರು. ನಾನು ಹುಬ್ಬಳ್ಳಿ ಬಿಡುವ ದಿನ ಗಿರಿಜಾ ಚೀಲ ತಂದು ಕೈಗಿಟ್ಟಳು.

"ತಗೊಂಡ್ರ ಅಕಿ ಉಡಿ ತುಂಬ್ರಿ ಅಕ್ಕಾರ. ತಗೊಳ್ಳಲಿಲ್ಲಂದ್ರ ಹಂಗ ವಾಪಸ್ ತರ್ರಿ."

ನನಗೆ ಸಿಟ್ಟು ಬಂತು. ನಮ್ಮ ಕಡೆ ಕನ್ಯೆಯ ಸೆರಗಿಗೆ ಮೊದಲ ಉಡಿ ಬೀಳುವುದು ಲಗ್ನ ಗೊತ್ತಾದ ದಿನ. "ಬೀಗರಿಲ್ಲ, ಬಿಜ್ಜರಿಲ್ಲ, ಫುಟ್‌ಬಾಲಿಗೆ ಉಡಿ ತುಂಬೂದು ಯಾವ ಊರಿನ ಪದ್ಧತಿ ಗಿರಿಜಾ?" ಎಂದೆ.

"ಲಗ್ನಾ ಆದಾಗ ಮತ್ತೊಮ್ಮಿ ತುಂಬೋಣಂತ. ಅಕ್ಕಿಗೇನ ಬರಾ ಬಂದೈತ್ರಿ?" ಎಂದಳು. ಸಿಟ್ಟಿನಲ್ಲೇ ಚೀಲ ತೆಗೆದುಕೊಂಡೆ.

ನನ್ನ ಬಗ್ಗೆಯೂ ಹೇಳಿಬಿಡಬೇಕು. ಹುಬ್ಬಳ್ಳಿಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿ ಆಯುಷ್ಯ ಸವೆಸಿದವಳು ನಾನು. ನಿವೃತ್ತಿಯಾದರೂ ಗಂಟಲು ನಿವೃತ್ತಿಯಾಗಿಲ್ಲ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಮಗ ಶಿವು ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ಸಿಂಡೆಲ್‌ಫಿಂಗೆನ್ನಿನ ಕಾರು ಕಾರ್ಖಾನೆ ಸೇರಿದಾಗಿನಿಂದ, ಬೇಸಿಗೆಯಲ್ಲಿ ಅವನ ಮನೆಗೆ ಬರುತ್ತೇನೆ. ಈ ಸಲ ಬಂದದ್ದು ಮಗನನ್ನು ನೋಡಲಿಕ್ಕಲ್ಲ, ಸೊಸೆಯನ್ನು ನೋಡಲಿಕ್ಕಲ್ಲ, ದಾನಮ್ಮನ ಪಂದ್ಯ ನೋಡಲಿಕ್ಕೆ. ಇದನ್ನು ಮಗನ ಮುಂದೆಯೇ ಹೇಳಿದ್ದೇನೆ, ಮುಚ್ಚುಮರೆ ಏನಿಲ್ಲ.

ಎಸ್-ಬಾನ್ ಎಂಬ ಲೋಕಲ್ ರೈಲಿನಲ್ಲಿ ಸ್ಟುಟ್‌ಗಾರ್ಟಿಗೆ ಬಂದು, ಹ್ಯಾಂಬರ್ಗಿನ ವೇಗದ ರೈಲು ಹಿಡಿಯಬೇಕಿತ್ತು. ಶಿವು ನನ್ನನ್ನು ಪ್ಲಾಟ್‌ಫಾರ್ಮಿನ ಈ ತುದಿಯಲ್ಲಿ ನಿಲ್ಲಿಸಿದ್ದ, ನನ್ನ ಡಬ್ಬಿ ಇಲ್ಲಿಗೇ ಬರುತ್ತದೆಂದು. ರೈಲು ಬಂದಾಗ ಡಬ್ಬಿಗಳ ಸಾಲೇ ತಿರುಗುಮುರುಗಾಗಿತ್ತು. ನಾವಿಬ್ಬರೂ ಆ ತುದಿಗೆ ಓಡಿದೆವು. ಸೀರೆ ಎತ್ತಿಕಟ್ಟಿ ಓಡಿದ ನಾನು ಮಗನಿಗಿಂತ ಮೊದಲು ಮುಟ್ಟಿದೆ. "ಯವ್ವಾ, ಸಾವಕಾಶ!" ಎಂದು ಅವನು ಹಿಂದಿನಿಂದ ಕೂಗುತ್ತಿದ್ದ. ಕಂಪ್ಯೂಟರ್ ಮುಂದೆ ಕೂತು ಕೂತು ನಮ್ಮ ಹುಡುಗರ ದಮ್ಮು ಹೋಗಿದೆ.

ಐದು ತಾಸಿನ ಮೇಲಿನ ಪ್ರಯಾಣ. ಹೊರಗೆ ಮೇ ತಿಂಗಳ ತಿಳಿ ಬಿಸಿಲು, ನಮ್ಮ ಕುಸುಬೆ ಹೊಲಗಳನ್ನು ನೆನಪಿಸುವ ಹಳದಿ ಹೂವಿನ ಹೊಲಗಳು. ಪಕ್ಕದ ಸೀಟಿನಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯ ಹೆಂಗಸೊಬ್ಬರು ಕುಳಿತಿದ್ದರು, ಹೆಸರು ಹೆಲ್ಗಾ. ಡಬ್ಬಿ ತೆರೆದು ಬೇಯಿಸಿದ ಮೊಟ್ಟೆ ಮುಂದೆ ಚಾಚಿದರು. ನಾನು ಕೈಮುಗಿದು ಬೇಡವೆಂದು, ನನ್ನ ರೊಟ್ಟಿ ಮುರಿದು ಕೊಟ್ಟೆ. ಅವರು ಕಟಂಕಟಂ ಕಡಿದು, "ಗಟ್ಟಿಯಾಗಿದೆ, ಆದರೆ ಒಳ್ಳೆಯದು" ಎಂದರು. ಇಬ್ಬರದೂ ಹರಕುಮುರುಕು ಇಂಗ್ಲಿಷು. ಹಾಗಾಗಿ ಮಾತು ಸಲೀಸಾಗಿ ಸಾಗಿತು.

ತೊಡೆಯ ಮೇಲಿನ ಚೀಲದಲ್ಲಿ ಏನಿದೆಯೆಂದು ಕೇಳಿದರು. ಚೀಲದ ಕತೆ ಹೇಳಬೇಕಾದರೆ ದಾನಮ್ಮನ ಕತೆ ಹೇಳಬೇಕು. ಹೇಳಿದೆ, ಫ್ರಾಂಕ್‌ಫರ್ಟಿನಿಂದ ಕಾಸೆಲ್ ದಾಟುವವರೆಗೂ ಹೇಳಿದೆ.

ದಾನಮ್ಮ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜು ಸೇರಿದ ವರ್ಷ ಅಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಲು ಹೊರಟರು. ಹನ್ನೊಂದು ಜನ ಕೂಡಲಿಲ್ಲ. ಖೊ-ಖೊ ಆಡುತ್ತಿದ್ದವರನ್ನೂ ಎಳೆದು ತಂದರು. ಅವರಲ್ಲಿ ಇವಳೊಬ್ಬಳು. ಕುಳ್ಳಗೆ, ಗಟ್ಟಿಮುಟ್ಟು. ಗೋಲಿಗೆಂದು ಒದ್ದ ಚೆಂಡು ಹಾಸ್ಟೆಲಿನ ಅಡುಗೆಮನೆಗೆ ಹೋಗಿ ಬೀಳುತ್ತಿತ್ತು. ಮುಂದೆ ಆಡಿಸಿ ಉಪಯೋಗವಿಲ್ಲವೆಂದು ಹಿಂದೆ ನಿಲ್ಲಿಸಿದರು. ಅಲ್ಲಿಯೂ ಅವಸರದಿಂದ ಕಾಲು ಹಾಕಿ ಮೋಸ ಹೋಗುತ್ತಿದ್ದಳು. ಒಂದು ಸಂಜೆ ಮುಖ ಊದಿಸಿಕೊಂಡು ನನ್ನ ಹತ್ತಿರ ಬಂದಳು. ನನಗೆ ಫುಟ್‌ಬಾಲ್ ಅಷ್ಟಕ್ಕಷ್ಟೆ, ಗೊತ್ತಿದ್ದದ್ದು ಕಬಡ್ಡಿ. ಅದನ್ನೇ ಹೇಳಿದೆ: "ದಾಳಿ ಮಾಡಾಕ ಬಂದಾಕಿ ಅಕಿ. ಗಡಿಬಿಡಿ ಅಕೀದು, ನಿಂದಲ್ಲ. ನೀ ಕೈ ಚಾಚಿದ್ರ ಕೆಟ್ಟಿ. ಸುಮ್ನ ನಿಲ್ಲು. ಅಕಿನ ಹತ್ರ ಬರ್ತಾಳ."

ಅದೇ ಪಾಠವನ್ನು ಅವಳು ಕಾಲಿಗೆ ಕಲಿಸಿಕೊಂಡಳು. ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯದ ತಂಡ ಸೇರಿದಳು. ಎಂ.ಎಸ್. ಓದಲು ಹ್ಯಾಂಬರ್ಗಿಗೆ ಬಂದಾಗ ಪುಸ್ತಕಕ್ಕಿಂತ ಮೊದಲು ಬೂಟು ಚೀಲಕ್ಕೆ ಹಾಕಿದಳು. ಮೊದಲು ವಿದ್ಯಾರ್ಥಿಗಳ ತಂಡ, ಆಮೇಲೆ ಒಂದು ಕ್ಲಬ್ಬಿನ ಎರಡನೆಯ ತಂಡ, ಅಲ್ಲಿಂದ ಮೊದಲನೆಯ ತಂಡ. ಹಗಲು ಬ್ಲೂ ಕಾರ್ಡಿನ ಕೆಲಸ, ಸಂಜೆ ಕೆಸರು. ಅವಳು ಸೇರಿದ ಮೇಲೆ ಆ ತಂಡವೇ ಮೇಲೇರಿ ದೇಶದ ಎರಡನೆಯ ದರ್ಜೆಯ ಲೀಗಿಗೆ ಬಂತು. ಅವಳೊಬ್ಬಳಿಂದಲೇ ಏರಿತೆಂದು ನಾನು ಹೇಳುವುದಿಲ್ಲ, ಹೇಳಬೇಕೆನಿಸುತ್ತದೆ ಅಷ್ಟೆ.

ಹೆಲ್ಗಾ ಎಲ್ಲವನ್ನೂ ಕೇಳಿದರು. ಆಮೇಲೆ, "ನಾನೂ ಹಿಂದೆಯೇ ಆಡುತ್ತಿದ್ದೆ" ಎಂದರು. ಅವರು ಹುಡುಗಿಯಾಗಿದ್ದಾಗ ಕ್ಲಬ್ಬುಗಳು ಹೆಣ್ಣುಮಕ್ಕಳಿಗೆ ಮೈದಾನ ಕೊಡುವಂತೆಯೇ ಇರಲಿಲ್ಲವಂತೆ, ಈ ಜರ್ಮನಿಯಲ್ಲಿ! ಊರಾಚೆ ದನ ಮೇಯುವ ಬಯಲಿನಲ್ಲಿ ಆಡುತ್ತಿದ್ದರಂತೆ. ಅಪ್ಪ ಬೂಟು ಬಚ್ಚಿಟ್ಟರೆ ಅಣ್ಣನ ಬೂಟಿಗೆ ಬಟ್ಟೆ ತುರುಕಿಕೊಂಡು ಆಡುತ್ತಿದ್ದರಂತೆ. ಹ್ಯಾನೋವರಿನಲ್ಲಿ ಇಳಿಯುವ ಮುನ್ನ ತಮ್ಮ ಚೀಲದಿಂದ ಒಂದು ಕೆಂಪು ಸೇಬು ತೆಗೆದು, "ಇದನ್ನೂ ಅವಳ ಮಡಿಲಿಗೆ ಹಾಕಬಹುದೇ?" ಎಂದು ಕೇಳಿದರು. ಹಣ್ಣು ಉಡಿಗೆ ಬೇಕೇ ಬೇಕು. ಚೀಲ ತೆರೆದು ಹಿಡಿದೆ. ಅವರ ಕೈಯಿಂದಲೇ ಹಾಕಿಸಿಕೊಂಡೆ. ಆಗಲೇ ಗಿರಿಜಾಳ ಮೇಲಿನ ನನ್ನ ಸಿಟ್ಟು ಪೂರ್ತಿ ಇಳಿಯಿತು.

ಹ್ಯಾಂಬರ್ಗಿನಲ್ಲಿ ಜಿಟಿಜಿಟಿ ಮಳೆ. ಪ್ಲಾಟ್‌ಫಾರ್ಮಿನಲ್ಲಿ ದಾನಮ್ಮ ನಿಂತಿದ್ದಳು. ಬಾಗಿ ಕಾಲು ಮುಟ್ಟಿ, ಎದ್ದವಳೇ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. "ಇಳಸ ಹುಚ್ಚಿ, ಮಂದಿ ನೋಡಾಕತ್ಯಾರ!" ಎಂದೆ. "ನೋಡ್ಲಿ ಬಿಡತ್ತಿ" ಎಂದಳು.

ಊರು ತೋರಿಸುತ್ತೇನೆಂದು ಬಂದರಿಗೆ ಕರೆದೊಯ್ದು ದೋಣಿ ಹತ್ತಿಸಿದಳು. ಇಲ್ಲಿ ಎಲ್ಬೆ ನದಿ ದಾಟಲು ಬಸ್ಸಿನ ಟಿಕೆಟ್ಟೇ ಸಾಕು. ಅವಳು ದಿನವೂ ಆಫೀಸಿಗೆ ಹೋಗುವುದು ಇದರಲ್ಲೇ, ಆಚೆ ದಡದ ವಿಮಾನ ಕಟ್ಟುವ ಕಾರ್ಖಾನೆಗೆ. ಎಡಕ್ಕೆ ಮನೆಗಳಿಗಿಂತ ಎತ್ತರದ ಹಡಗುಗಳು, ಮುಖಕ್ಕೆ ರಾಚುವ ಗಾಳಿ. ಒಳಗೆ ಕುಳಿತು ಉಳಿದ ರೊಟ್ಟಿ ತಿನ್ನುತ್ತ ವಿಷಯಕ್ಕೆ ಬಂದೆ.

"ನಾಳೆ ಆಡಸ್ತಾರೇನ?"

"ಗೊತ್ತಿಲ್ಲತ್ತಿ. ಪೆಟ್ಟಾಗಿದ್ದ ಮೊಣಕಾಲು ನೆಟ್ಟಗಾಗಿ ಭಾಳ ದಿನಾ ಆತು, ಇನ್ನೂ ಬೆಂಚಿನ ಮ್ಯಾಲೆ ಕುಂದ್ರಿಸ್ಯಾರ. ಮುಂದಿನ ಸೀಸನ್ನಿಂದ ಪ್ರಾಕ್ಟೀಸ್ ಮುಂಜಾನೆ ಇಡ್ತಾರ. ಆಫೀಸ್ ಮಾಡ್ಕೋತ ಆಡೋದು ಆಗಂಗಿಲ್ಲ. ಫೆರ್‌ಟ್ರಾಗ್ ಕೊಟ್ರ ಪ್ರೊಫೆಷನಲ್. ಇಲ್ಲಂದ್ರ ರವಿವಾರಕ್ಕೊಮ್ಮೆ ಪಾರ್ಕಿನ್ಯಾಗ ಆಡ್ಕೋತ ಇರೋದು."

ಫೆರ್‌ಟ್ರಾಗ್ ಎಂದರೆ ಇಲ್ಲಿಯ ಮಾತಿನಲ್ಲಿ ಒಪ್ಪಂದ.

"ಮತ್ತ ಬ್ಲೂ ಕಾರ್ಡ್?"

"ಅದು ಈ ಕೆಲಸದ ಮ್ಯಾಲೆ ಸಿಕ್ಕಿದ್ದು. ಕೆಲಸಾ ಬಿಟ್ರ ಅದನ್ನೂ ಬಿಟ್ಟಂಗ. ಬ್ಯಾರೆ ಪರ್ಮಿಟ್ ಮಾಡಿಸಬೇಕು, ಕ್ಲಬ್ಬಿನವರ ಓಡಾಡಿ ಮಾಡಸ್ತಾರಂತ."

"ಅಂಜಿಕಿ ಬರಂಗಿಲ್ಲೇನ ನಿನಗ?"

"ಬರ್ತೈತಿ. ಆದ್ರ ಆಡೋದು ನಿಂತ್ರ ಹೆಂಗ ಅನ್ನೋದಕ್ಕ ಇನ್ನೂ ಹೆಚ್ಚಿಗಿ ಅಂಜಿಕಿ ಬರ್ತೈತತ್ತಿ." ಹಾಗೆಂದು ನನ್ನ ಮಡಿಲಿನ ಚೀಲದ ಕಡೆ ಕೈ ಮಾಡಿದಳು. "ಅದರಾಗೇನೈತಿ?"

"ನಿಮ್ಮವ್ವ ಕೊಟ್ಟಾಳ. ನಾಳೆ ನೋಡೋಣು."

ಅವಳು ಬಾಗಿ ಮೂಗು ಹತ್ತಿರ ತಂದಳು. ಕೊಬ್ಬರಿ, ಅರಿಷಿಣದ ವಾಸನೆಗೆ ಅವಳಿಗೆ ಗೊತ್ತಾಗಿಹೋಯಿತು. "ಅವ್ವಗ ನನಗಿಂತ ಧೈರ್ಯ ಹೆಚ್ಚು" ಎಂದಳು.

ಭಾನುವಾರ ಮಧ್ಯಾಹ್ನ ಪಂದ್ಯ. ಮೈದಾನ ದೊಡ್ಡದೇನಲ್ಲ, ಒಂದು ಬದಿಗೆ ಛಾವಣಿಯಿರುವ ಮೆಟ್ಟಿಲು, ಮೂರು ಬದಿಗೆ ಕಬ್ಬಿಣದ ಕಂಬಿ. ಆದರೆ ಹುಲ್ಲು ನೋಡಬೇಕು, ಮಳೆಯಲ್ಲೂ ಒಂದು ಕಡೆ ನೀರು ನಿಂತಿರಲಿಲ್ಲ. ನಮ್ಮ ಮಕ್ಕಳು ಬಿದ್ದು ಮೊಣಕಾಲು ತರಚಿಕೊಳ್ಳುವ ಗರಸಿನ ಮೈದಾನ ನೆನೆದು ಹೊಟ್ಟೆ ಉರಿಯಿತು. ಕರಿದ ಆಲೂಗಡ್ಡೆಯ ಪೊಟ್ಟಣ ಕೊಂಡು ಕುಳಿತೆ. ಮುಂದಿನ ಸಾಲಿನವನೊಬ್ಬನ ಅಂಗಿಯ ಬೆನ್ನ ಮೇಲೆ 'ಡಾನಾ' ಎಂದು ಬರೆದಿತ್ತು. ನಮ್ಮ ದಾನಮ್ಮ! ಇದು ಮುದುಕಿಯರ ಹೆಸರು ಎಂದು ಕಾಲೇಜಿನಲ್ಲಿ ಅತ್ತಿದ್ದಳು. ಈಗ ಗುರುತು ಪರಿಚಯವಿಲ್ಲದ ಒಬ್ಬ ಜರ್ಮನ್ ಗಂಡಸು ದುಡ್ಡು ಕೊಟ್ಟು ಅದನ್ನು ಬೆನ್ನಿಗೆ ಹಾಕಿಸಿಕೊಂಡಿದ್ದ. ಎರಡು ಆಲೂಗಡ್ಡೆ ಅವನಿಗೂ ಕೊಟ್ಟೆ.

ಮೊದಲರ್ಧ ದಾನಮ್ಮ ಬೆಂಚಿನ ಮೇಲೆಯೇ ಇದ್ದಳು. ನಮ್ಮವರು ಒಂದು ಗೋಲು ಹೊಡೆದರು, ಎದುರಿನವರೂ ಒಂದು ಹೊಡೆದರು. ನನಗೆ ಆಟದ ಮೇಲೆ ಲಕ್ಷ್ಯವಿಲ್ಲ, ಬೆಂಚಿನ ಮೇಲೆಯೇ ಕಣ್ಣು. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ಒಬ್ಬ ಡಿಫೆಂಡರ್ ಪಾದ ಹೊರಳಿ ಕುಂಟತೊಡಗಿದಳು. ಆ ಹುಡುಗಿಯ ನೋವಿಗೆ ಸಂತೋಷಪಡಬಾರದು, ಪಡಲಿಲ್ಲ. ಆದರೆ ಎದ್ದು ನಿಂತದ್ದು ನಿಜ. ಕೋಚ್ ಕೈ ಮಾಡಿದರು. ದಾನಮ್ಮ ನೆಲ ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಓಡಿದಳು.

ಬಂದ ಕೂಡಲೇ ಒಂದು ತಪ್ಪು ಪಾಸು ಕೊಟ್ಟು, ಅದನ್ನು ಸರಿಮಾಡಲು ಹೋಗಿ ಎದುರಿನವಳನ್ನು ಕೆಡವಿ, ಹಳದಿ ಕಾರ್ಡು ತಿಂದಳು. ಮುಗಿಯಿತು, ಚೀಲ ವಾಪಸು ಎಂದುಕೊಂಡೆ. ಆಮೇಲೆ ಮೈದಾನದಿಂದ ಒಂದು ಕೂಗು ಕೇಳಿಸಿತು.

"ನಂದು!"

ಕೂಗಿದವಳು ದಾನಮ್ಮನಲ್ಲ. ಎತ್ತರದ, ಬಿಳಿ ಕೂದಲಿನ ಜಡೆಯ ಒಬ್ಬ ಹುಡುಗಿ, ಬೀಳುತ್ತಿದ್ದ ಚೆಂಡಿನ ಕೆಳಗೆ ಓಡಿ ಬರುತ್ತ "ನಂದು!" ಎಂದಳು. ಇನ್ನೊಬ್ಬಳು "ಬಿಡು! ಬಿಡು!" ಎಂದು ಪಕ್ಕಕ್ಕೆ ಸರಿದಳು. ದಾನಮ್ಮ "ಹಿಂದ! ಹಿಂದ ಬರ್ರಿ!" ಎಂದದ್ದೇ ತಡ, ನಾಲ್ವರೂ ಒಟ್ಟಿಗೆ ಹಿಂದೆ ಸರಿದರು. ಆಟದ ಭರದಲ್ಲಿ ಇವಳ ಬಾಯಿಗೆ ಜರ್ಮನ್ ಬರುವುದಿಲ್ಲವಂತೆ, ಹುಬ್ಬಳ್ಳಿಯ ಮಾತೇ ಬರುತ್ತದಂತೆ. ಅವಳನ್ನು ತಿದ್ದುವ ಬದಲು ಜೊತೆಯವರೇ ಆ ಮಾತು ಕಲಿತುಕೊಂಡರಂತೆ. ಎದುರಾಳಿಗಳಿಗೆ ತಲೆಬುಡ ಗೊತ್ತಾಗುವುದಿಲ್ಲ, ಅದೊಂದು ಲಾಭ. ಇದನ್ನೆಲ್ಲ ಆಮೇಲೆ ತಿಳಿದದ್ದು. ಆ ಕ್ಷಣಕ್ಕೆ ನನ್ನ ಕಣ್ಣಲ್ಲಿ ನೀರು ಬಂದು ಮೈದಾನವೇ ಕಾಣದಾಯಿತು.

ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಎದುರಿನವರ ಅತಿ ಚುರುಕಿನ ಹುಡುಗಿ ಚೆಂಡು ಹಿಡಿದು ನುಗ್ಗಿದಳು. ಅವಳಿಗೂ ಗೋಲಿಗೂ ನಡುವೆ ದಾನಮ್ಮ ಒಬ್ಬಳೇ. ಸುತ್ತಲಿನವರೆಲ್ಲ ಕಾಲು ಹಾಕು ಎಂಬಂತೆ ಅರಚುತ್ತಿದ್ದರು. ಇನ್ನೊಮ್ಮೆ ಕೆಡವಿದರೆ ಮೈದಾನದಿಂದಲೇ ಹೊರಗೆ. ದಾನಮ್ಮ ಕಾಲು ಹಾಕಲಿಲ್ಲ. ಹಿಂದೆ ಸರಿದಳು, ಇನ್ನೂ ಸರಿದಳು, ಗೋಲಿನ ಮುಂದಿನ ಗೆರೆಯವರೆಗೂ ಸರಿದಳು. "ನಿಲ್ಲು! ಅಕಿನ ಬರ್ತಾಳ!" ಎಂದು ನಾನು ಕೂಗಿದ್ದು ಹ್ಯಾಂಬರ್ಗಿಗೆಲ್ಲ ಕೇಳಿರಬೇಕು. ಆ ಚುರುಕಿನ ಹುಡುಗಿ ದಾರಿ ಸಿಗದೆ ಚೆಂಡನ್ನು ಒಂದಿಷ್ಟು ಮುಂದೆ ತಳ್ಳಿದಳು. ಅಷ್ಟೇ ಸಾಕಾಯಿತು. ದಾನಮ್ಮ ಚೆಂಡನ್ನು ತನ್ನ ಕಾಲಿಗೆ ಎಳೆದುಕೊಂಡು, ಮೈಗೆ ಮೈ ತಾಗಿಸದೆ, ನಡೆದುಕೊಂಡೇ ಬಂದಳು.

ಪಂದ್ಯ ಸಮಬಲದಲ್ಲೇ ಮುಗಿಯಿತು. ಗೆಲ್ಲಲಿಲ್ಲ. ಕೋಚ್ ದಾನಮ್ಮನನ್ನು ಒಳಗಿನ ಕೋಣೆಗೆ ಕರೆದರು. ನಾನು ಬಟ್ಟೆ ಬದಲಿಸುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕುಳಿತೆ. ನನ್ನ ಸ್ವಂತ ಮದುವೆ ಮಾತುಕತೆಯ ದಿನವೂ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ.

ಹೊರಗೆ ಬಂದವಳ ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಪಕ್ಕದಲ್ಲಿ ಕುಳಿತು ಬೂಟಿನ ಲಾಡಿ ಬಿಚ್ಚತೊಡಗಿದಳು.

"ಏನಂದ್ರು? ಬಾಯಿ ಬಿಡ!"

"ಒಂದು ವರ್ಷಕ್ಕ ತಗೋತೀವಿ, ಆಮ್ಯಾಲೆ ನೋಡೋಣ ಅಂದ್ರು."

"ಒಂದಾ? ನೀ ಏನಂದಿ?"

"ಏನೂ ಅನ್ನಲಿಲ್ಲ. ಒಂದು ವರ್ಷಕ್ಕ ಆ ಕೆಲಸಾ ಹೆಂಗ ಬಿಡ್ಲಿ? ಇಲ್ಲಾ ಅನ್ನಾಕೂ ಮನಸ್ಸಿಲ್ಲ. ಸುಮ್ನ ನಿಂತೆ." ಬೂಟು ಕಳಚಿ ಕೆಳಗಿಟ್ಟಳು. "ಅವರು ನನ್ನ ನೋಡಿದ್ರು, ಕಿಡಕಿ ನೋಡಿದ್ರು, ಮತ್ತ ನನ್ನ ನೋಡಿದ್ರು. ಆಮ್ಯಾಲೆ ತಾವ, ಎರಡು ವರ್ಷ ಅಂದ್ರು. ಹೂಂ ಅಂದು ಸಹಿ ಮಾಡಿ ಬಂದೆ."

ಎಪ್ಪಾ! ಹಾಗೆ ಸುಮ್ಮನೆ ನಿಲ್ಲುವುದನ್ನು ನಾನು ಕಲಿಸಿದ್ದು ಆಟಕ್ಕೆ. ನಗುತ್ತ, ಅಳುತ್ತ ಅವಳ ಬೆನ್ನಿಗೆ ಎರಡು ಗುದ್ದಿದೆ. ಹುಬ್ಬಳ್ಳಿಯ ಗರಸಿನ ಮೈದಾನದ ಹುಡುಗಿ ಜರ್ಮನಿಯಲ್ಲಿ ವೃತ್ತಿಪರ ಆಟಗಾರ್ತಿಯಾಗಿದ್ದಳು. ನಮ್ಮ ಮನೆತನದಲ್ಲಿ ಆಟ ಆಡಿ ಸಂಬಳ ತೆಗೆದುಕೊಳ್ಳುವ ಮೊದಲನೆಯವಳು ಇವಳೇ.

"ಎದ್ದೇಳು. ಮೂಡಣ ಯಾವ ಕಡೆ?"

ಫೋನಿನಲ್ಲಿ ದಿಕ್ಕು ನೋಡಿ ಕೋಲ್ಡ್ರಿಂಕ್ಸ್ ಪೆಟ್ಟಿಗೆಯ ಕಡೆ ತೋರಿಸಿದಳು. ಅತ್ತ ಮುಖ ಮಾಡಿ ಕೂರಿಸಿದೆ. ಸೆರಗೆಲ್ಲಿ ಬರಬೇಕು? "ಅಂಗಿ ಹಿಡಿ" ಎಂದೆ. ಕೆಸರು ಮೆತ್ತಿದ ಜರ್ಸಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಉಡಿ ಒಡ್ಡಿದಳು. ಹಣೆಗೆ ಕುಂಕುಮ ಇಟ್ಟೆ. ಬೆವರಿಗೆ ಇಳಿಯಿತು, ಇನ್ನೊಮ್ಮೆ ಇಟ್ಟೆ. ಖಣ, ಕೊಬ್ಬರಿ, ಉತ್ತತ್ತಿ, ಅರಿಷಿಣ, ಅಡಿಕೆ, ಮೇಲೆ ಹೆಲ್ಗಾ ಕೊಟ್ಟ ಸೇಬು. ಆಮೇಲೆ ಬೊಗಸೆ ತುಂಬ ಅಕ್ಕಿ ಹಾಕತೊಡಗಿದೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಬಿಳಿ ಜಡೆಯವಳು ಮುಂದೆ, ಅವಳ ಹಿಂದೆ ಉಳಿದವರೆಲ್ಲ. ದಾನಮ್ಮ ಅವರಿಗೆ ಜರ್ಮನ್‌ನಲ್ಲಿ ಏನೋ ತಿಳಿಸಿ ಹೇಳಿದಳು. ಬಿಳಿ ಜಡೆಯವಳು ನನ್ನ ಮುಂದೆ ಬಂದು, ತನ್ನ ಜರ್ಸಿಯ ಅಂಚು ಹಿಡಿದು ಒಡ್ಡಿದಳು.

ಒಬ್ಬಳಿಗೆ ತುಂಬಿ ಪಕ್ಕದಲ್ಲಿ ನಿಂತವಳನ್ನು ಬರಿಗೈಯಲ್ಲಿ ಕಳಿಸುವುದು ನಮ್ಮಲ್ಲಿಲ್ಲ. ಬೊಗಸೆಯನ್ನು ಹಿಡಿಗೆ ಇಳಿಸಿದೆ. ಒಬ್ಬೊಬ್ಬಳಿಗೂ ಕುಂಕುಮ, ಒಂದೊಂದು ಹಿಡಿ ಅಕ್ಕಿ, ಕೊಬ್ಬರಿಯ ಚೂರು. ಕುಂಟುತ್ತಿದ್ದ ಹುಡುಗಿಗೆ ಒಂದು ಉತ್ತತ್ತಿ ಹೆಚ್ಚಿಗೆ. ಕೊನೆಯಲ್ಲಿ ಕೋಚ್ ಬಂದು ಸಾಲಿನಲ್ಲಿ ನಿಂತರು. ಚೀಲ ತಲೆಕೆಳಗು ಮಾಡಿ ಕೊಡವಿ ಅವರಿಗೂ ಹಾಕಿದೆ. "ಬೇಯಿಸಿಕೊಂಡು ಉಣ್ಣಾಕ ಹೇಳು, ಕಪಾಟಿನಾಗ ಇಟ್ಟು ಕೂಡಬ್ಯಾಡ್ರಿ ಅನ್ನು" ಎಂದು ದಾನಮ್ಮನಿಗೆ ತಾಕೀತು ಮಾಡಿದೆ.

ಸೋಮವಾರ ಬೆಳಿಗ್ಗೆ ಅವಳು ರೈಲು ಹತ್ತಿಸಲು ಬಂದಳು. ಈ ಸಲ ಡಬ್ಬಿಗಳು ಸರಿಯಾದ ಸಾಲಿನಲ್ಲಿದ್ದವು, ಓಡುವ ಕೆಲಸ ಬೀಳಲಿಲ್ಲ. ರೈಲು ಹೊರಟಾಗ ಕಿಟಕಿಯಿಂದ ನೋಡಿದೆ. ಕೈ ಬೀಸದೆ, ಕಾಲು ಸ್ವಲ್ಪ ಅಗಲಿಸಿ, ನೆಟ್ಟಗೆ ನಿಂತಿದ್ದಳು, ನಾನು ಕಣ್ಣಿಗೆ ಮರೆಯಾಗುವವರೆಗೂ.

ಗಿರಿಜಾ ಫೋನು ಮಾಡಿದಳು. ಒಪ್ಪಂದದ ಸುದ್ದಿ ಮಗಳು ನಿನ್ನೆಯೇ ಹೇಳಿದ್ದಳು. ಇವಳಿಗೆ ಬೇಕಾದದ್ದು ಬೇರೆ.

"ಉಡಿ ಪದ್ಧತಿ ಪ್ರಕಾರ ತುಂಬಿದ್ರಿಲ್ಲೋ ಅಕ್ಕಾರ? ಅಕ್ಕಿ ಉಳೀತೇನ್ರಿ?"

ತೊಡೆಯ ಮೇಲೆ ಖಾಲಿ ಚೀಲ ಮಡಿಸಿ ಇಟ್ಟುಕೊಂಡಿದ್ದೆ. ಅದನ್ನು ಸವರಿದೆ.

"ಅಕ್ಕಿಗೇನ ಬರಾ ಬಂದೈತಿ ಅಂದಿದ್ಯಲ್ಲ ಗಿರಿಜಾ," ಎಂದೆ, "ಬಂದಿತ್ತು ನೋಡವಾ. ಸಾಲಲೇ ಇಲ್ಲ."